ಪರೀಕ್ಷೆಗೆ ಮೂರು ದಿನ ಮುಂಚಿನ ಹಾಗಲಕಾಯಿ

ರಕ್ತ ಪರೀಕ್ಷೆಗೆ ಇನ್ನು ಮೂರು ದಿನ ಎನ್ನುವಾಗ ನಮ್ಮ ಎಷ್ಟೋ ಮನೆಗಳಲ್ಲಿ ಹಾಗಲಕಾಯಿಗೆ ಇದ್ದಕ್ಕಿದ್ದಂತೆ ಮರ್ಯಾದೆ ಬರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಅದರ ರಸ, ರಾತ್ರಿ ಅನ್ನಕ್ಕೆ ರಜೆ, ಕಾಫಿಗೆ ಸಕ್ಕರೆ ಇಲ್ಲ. ಎರಡು ತಿಂಗಳಿಂದ ಬಾಗಿಲ ಹಿಂದೆ ಧೂಳು ತಿನ್ನುತ್ತಿದ್ದ ವಾಕಿಂಗ್ ಶೂ ಹೊರಗೆ ಬರುತ್ತದೆ. ನಾಲ್ಕನೆಯ ದಿನ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ಲ್ಯಾಬಿನ ಎದುರಿನ ದರ್ಶಿನಿಯಲ್ಲಿ ಎರಡು ಇಡ್ಲಿ, ಒಂದು ವಡೆ, ಮೇಲೊಂದು ಸ್ಟ್ರಾಂಗ್ ಕಾಫಿ. ಅಲ್ಲಿಗೆ ವ್ರತ ಮುಗಿಯಿತು.

ಖಾಲಿ ಹೊಟ್ಟೆಯ ಶುಗರ್ ಈ ವ್ರತಕ್ಕೆ ಒಂದಿಷ್ಟು ಒಲಿಯುತ್ತದೆ. ಎಚ್‌ಬಿಎ1ಸಿ ಒಲಿಯುವುದಿಲ್ಲ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟೂ ದಿನ ರಕ್ತದಲ್ಲಿ ಓಡಾಡುವ ಗ್ಲೂಕೋಸ್ ಆ ಕಣದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಎಷ್ಟು ಅಂಟಿದೆ ಎಂದು ನೋಡಿದರೆ ಹಿಂದಿನ ಎರಡು ಮೂರು ತಿಂಗಳ ಕಥೆ ತಿಳಿಯುತ್ತದೆ. ಲ್ಯಾಬಿನವರ ಬಾಯಲ್ಲಿ ಅದು ‘ಮೂರು ತಿಂಗಳ ಆವರೇಜ್’. ಹಾಗಲಕಾಯಿಯ ಮೂರು ದಿನ ಅದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಇದನ್ನು ಹೇಳಿ ನಗುವುದು ಸುಲಭ. ಆದರೆ ಕೈ ಮುರಿದುಕೊಂಡವರು ಮೂಳೆ ಡಾಕ್ಟರ ಮುಂದೆ ಕೈ ನೆಟ್ಟಗಿರುವಂತೆ ನಟಿಸುವುದಿಲ್ಲವಲ್ಲ! ಶುಗರ್ ಇರುವವರು ಮಾತ್ರ ಯಾಕೆ ತಮ್ಮದೇ ಡಾಕ್ಟರಿಂದ ತಮ್ಮದೇ ಕಾಯಿಲೆಯನ್ನು ಬಚ್ಚಿಡುತ್ತಾರೆ? ಅವರ ಮಟ್ಟಿಗೆ ಅದು ತಪಾಸಣೆಯಲ್ಲ, ಪರೀಕ್ಷೆ. ಬರುವ ಸಂಖ್ಯೆ ಅಂಕ. ಡಾಕ್ಟರು ಪೇಪರ್ ತಿದ್ದುವ ಮೇಷ್ಟ್ರು. ಫೇಲಾದರೆ ಬೈಗುಳ. ಆ ಬೈಗುಳದಿಂದ ತಪ್ಪಿಸಿಕೊಳ್ಳಲು ಹಾಗಲಕಾಯಿ. ಸಕ್ಕರೆ ಕಾಯಿಲೆಯವರಲ್ಲಿ ಉತ್ಸಾಹ ಉಳಿಸುವುದು ಹೇಗೆ ಎಂಬ ಚರ್ಚೆ ಇಲ್ಲಿಂದಲೇ ಶುರುವಾಗಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇಷ್ಟು ಜನರನ್ನು ಯಾವ ಆಸ್ಪತ್ರೆಯೂ ನೋಡಿಕೊಳ್ಳಲಾರದು. ಮೂರು ತಿಂಗಳಿಗೊಮ್ಮೆ ತಪ್ಪದೆ ಹೋಗಿ, ಪ್ರತಿ ಸಲ ಡಾಕ್ಟರು ಹತ್ತು ನಿಮಿಷ ಕೊಟ್ಟರು ಎಂದೇ ಇಟ್ಟುಕೊಳ್ಳಿ. ವರ್ಷಕ್ಕೆ ನಲವತ್ತು ನಿಮಿಷ. ವರ್ಷದಲ್ಲಿರುವುದು 8,760 ಗಂಟೆ. ಉಳಿದ ಹೊತ್ತಿನಲ್ಲೆಲ್ಲ ಡಾಕ್ಟರೂ ಅವರೇ, ನರ್ಸೂ ಅವರೇ, ಅಡುಗೆಯವರೂ ಅವರೇ. ಮಾತ್ರೆ ನುಂಗುವುದು, ತಟ್ಟೆಗೆ ಎಷ್ಟು ಬಡಿಸಿಕೊಳ್ಳುವುದು, ಬಸ್ಸಿಳಿದು ಆಟೋ ಹತ್ತುವುದೋ ನಡೆಯುವುದೋ ಎಲ್ಲವೂ ಅವರದೇ ತೀರ್ಮಾನ. ದೀರ್ಘಕಾಲದ ಕಾಯಿಲೆಗಳಿಗೆ ಬರೆದುಕೊಟ್ಟ ಚಿಕಿತ್ಸೆಯನ್ನು ಸರಿಯಾಗಿ ಪಾಲಿಸುವವರು ಶ್ರೀಮಂತ ದೇಶಗಳಲ್ಲೂ ಸುಮಾರು ಅರ್ಧದಷ್ಟು ಮಂದಿ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲಿ ಹೇಳಿತ್ತು. ಅಂದಮೇಲೆ ಇದು ನಮ್ಮವರ ಸೋಮಾರಿತನದ ಪ್ರಶ್ನೆಯಲ್ಲ.

‘ಪೇಷಂಟಿಗೇ ಮನಸ್ಸಿಲ್ಲ, ನಾವೇನು ಮಾಡೋದು?’ ಎಂಬ ಮಾತು ಆಸ್ಪತ್ರೆಗಳ ಪಡಸಾಲೆಯಲ್ಲಿ ಧಾರಾಳವಾಗಿ ಕೇಳಿಸುತ್ತದೆ. ಮಧುಮೇಹಿಗಳ ಮನಸ್ಸನ್ನೇ ಅಧ್ಯಯನ ಮಾಡಿರುವ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಪೊಲೊನ್‌ಸ್ಕಿ ಇದನ್ನು ಒಪ್ಪುವುದಿಲ್ಲ. ನೆಟ್ಟಗೆ ಬಾಳಬೇಕೆಂಬ ಆಸೆ ಇಲ್ಲದವರೇ ಇಲ್ಲ, ಆಸೆಗೂ ಕೆಲಸಕ್ಕೂ ನಡುವೆ ಅಡ್ಡ ಬಿದ್ದಿರುವುದೇನು ಎಂದು ಹುಡುಕಬೇಕು ಎನ್ನುವುದು ಅವರ ವಾದ. ಹುಡುಕಿದರೆ ಅಡ್ಡಿಗಳಿಗೇನೂ ಬರವಿಲ್ಲ. ಮೊದಲನೆಯದು ಕಾಯಿಲೆಯ ಸ್ವಭಾವವೇ. ತಲೆನೋವಿನ ಮಾತ್ರೆ ನುಂಗಿದರೆ ಅರ್ಧ ಗಂಟೆಯಲ್ಲಿ ಫಲ ಗೊತ್ತಾಗುತ್ತದೆ. ಶುಗರ್ ಮಾತ್ರೆಯನ್ನು ಹತ್ತು ವರ್ಷ ತಪ್ಪದೆ ನುಂಗಿದರೆ ಸಿಗುವ ಬಹುಮಾನ ಏನೆಂದರೆ, ಏನೂ ಆಗುವುದಿಲ್ಲ! ಕಣ್ಣು ಮೊದಲಿನಂತೆಯೇ ಇರುತ್ತದೆ, ಕಾಲು ಮೊದಲಿನಂತೆಯೇ ಇರುತ್ತದೆ. ಅತ್ತ ಮಾತ್ರೆ ಬಿಟ್ಟವನಿಗೂ ಬಹಳ ಕಾಲ ಏನೂ ಆದಂತೆ ಕಾಣುವುದಿಲ್ಲ. 250 ಇದ್ದರೂ ಹೊಲದ ಕೆಲಸ ನಡೆಯುತ್ತದೆ, ಆಫೀಸಿನ ಕೆಲಸವೂ ನಡೆಯುತ್ತದೆ.

ಕಾಯಿಲೆ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಕಾಣಿಸುವಂತೆ ಮಾಡೋಣ ಎಂದು ಹೊರಟವರು ಹಿಡಿದ ದಾರಿ ಹೆದರಿಕೆಯದು. ಕಪ್ಪಗಾದ ಹೆಬ್ಬೆರಳಿನ ಚಿತ್ರ ಗೋಡೆಯ ಮೇಲೆ. ‘ಹಿಂಗೇ ಆದ್ರೆ ಕಾಲು ತೆಗೀಬೇಕಾಗುತ್ತೆ’ ಎಂಬ ಮಾತು ಮೇಜಿನ ಮೇಲೆ. ಹೆದರಿಕೆ ಕೆಲಸ ಮಾಡುವುದೇ ಇಲ್ಲ ಎಂದಲ್ಲ. ಇವತ್ತೇ ಮಾಡಬಹುದಾದ ಒಂದು ಕೆಲಸವನ್ನೂ ಕೈಗೆ ಕೊಟ್ಟರೆ ಅದು ಮಾಡಿಸುತ್ತದೆ. ಕೊಡದಿದ್ದರೆ ಮನುಷ್ಯ ಹೆದರಿಕೆಯಿಂದ ಪಾರಾಗುವ ಸುಲಭದ ದಾರಿ ಹಿಡಿಯುತ್ತಾನೆ, ಅಂದರೆ ಆ ಆಸ್ಪತ್ರೆಯ ಕಡೆಗೆ ತಲೆ ಹಾಕುವುದನ್ನೇ ಬಿಡುತ್ತಾನೆ. ಹಿತ್ತಲಿನ ಇನ್ಸುಲಿನ್ ಗಿಡದ ಎಲೆ, ಯಾರೋ ಕೊಟ್ಟ ಕಷಾಯದ ಪುಡಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಬೆಂಡೆಕಾಯಿ ನೀರು ಇವೆಲ್ಲ ಜನರನ್ನು ಸೆಳೆಯುವುದು ಅವುಗಳ ಗುಣದಿಂದಲೇ ಅಲ್ಲ. ಅಲ್ಲಿ ಯಾರೂ ಬೈಯುವುದಿಲ್ಲ.

ಬೆದರಿಕೆಗಳಲ್ಲೆಲ್ಲ ಹೆಚ್ಚು ಹಾನಿ ಮಾಡಿರುವುದು ಇನ್ಸುಲಿನ್ ಹೆಸರಿನದು. ‘ಬಾಯಿ ಕಟ್ಟದಿದ್ರೆ ಇಂಜೆಕ್ಷನ್ನೇ ಗತಿ’ ಎಂದು ವರ್ಷಗಟ್ಟಲೆ ಹೇಳಿ, ಒಂದು ದಿನ ‘ಇನ್ಸುಲಿನ್ ಒಳ್ಳೆಯದು, ಶುರು ಮಾಡೋಣ’ ಎಂದರೆ ಯಾರು ನಂಬುತ್ತಾರೆ? ತಮಗೆ ಶಿಕ್ಷೆಯಾಯಿತು ಎಂದೇ ಅವರು ತಿಳಿಯುತ್ತಾರೆ. ಸತ್ಯ ಬೇರೆಯೇ ಇದೆ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾಗಿ, ಹೊಸದಾಗಿ ಟೈಪ್ 2 ಮಧುಮೇಹ ಪತ್ತೆಯಾದ 5,102 ಜನರನ್ನು ಸೇರಿಸಿಕೊಂಡು, 1998ರಲ್ಲಿ ಮುಖ್ಯ ಫಲಿತಾಂಶ ಕೊಟ್ಟ ಯುಕೆಪಿಡಿಎಸ್ ಅಧ್ಯಯನ ಒಂದು ಕಹಿ ಸಂಗತಿಯನ್ನು ತೋರಿಸಿತು. ಕಾಯಿಲೆ ಗೊತ್ತಾಗುವ ಹೊತ್ತಿಗೇ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳ ಶಕ್ತಿ ಸುಮಾರು ಅರ್ಧಕ್ಕೆ ಇಳಿದಿರುತ್ತದೆ, ಆಮೇಲೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಗುತ್ತದೆ. ಅಂದರೆ ಹೇಳಿದ್ದನ್ನೆಲ್ಲ ಪಾಲಿಸಿದವರಿಗೂ ಕಾಲ ಕಳೆದಂತೆ ಮಾತ್ರೆ ಹೆಚ್ಚಾಗಬಹುದು, ಇನ್ಸುಲಿನ್ ಬೇಕಾಗಬಹುದು. ಇದನ್ನು ಮೊದಲ ಭೇಟಿಯಲ್ಲೇ ಹೇಳಿಬಿಟ್ಟರೆ ಮುಂದೆ ಎಷ್ಟೋ ಕಣ್ಣೀರು ಉಳಿಯುತ್ತದೆ.

ಅದೇ ಅಧ್ಯಯನ ಸಿಹಿ ಸುದ್ದಿಯನ್ನೂ ಕೊಟ್ಟಿತು. ಎಚ್‌ಬಿಎ1ಸಿ ಶೇ 1ರಷ್ಟು ಕಡಿಮೆ ಇದ್ದಲ್ಲಿ ಕಣ್ಣು, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳಿಗೆ ತಗಲುವ ತೊಂದರೆ ಶೇ 37ರಷ್ಟು, ಮಧುಮೇಹ ಸಂಬಂಧಿ ಸಾವು ಶೇ 21ರಷ್ಟು ಕಡಿಮೆ ಇದ್ದವು. ಇಲ್ಲಿಗೆ ಬಂದರೆ ಸಾಕು, ಇದಕ್ಕಿಂತ ಮೇಲಿದ್ದರೆ ಎಲ್ಲ ವ್ಯರ್ಥ ಎನ್ನುವಂಥ ಗೆರೆ ಅದರಲ್ಲಿ ಕಾಣಲಿಲ್ಲ. ಹಾಗಾದರೆ ಹತ್ತರಿಂದ ಒಂಬತ್ತಕ್ಕೆ ಇಳಿಸಿಕೊಂಡು ಬಂದವರಿಗೆ ‘ಇನ್ನೂ ಏಳಕ್ಕೆ ಬಂದಿಲ್ವಲ್ಲ’ ಎನ್ನುವುದು ವಿಜ್ಞಾನಕ್ಕೂ ಸಲ್ಲದ ಮಾತು. ಆ ಒಂದು ಅಂಶಕ್ಕಾಗಿ ಅವರು ಏನು ಮಾಡಿದರೆಂದು ಕೇಳಬೇಕಿತ್ತು.

ಕೇಳುವುದರಲ್ಲೇ ವಿಷಯವಿದೆ. ಹಳೇ ಮೈಸೂರಿನ ಕಡೆ ಯಾವ ಊರಿನಲ್ಲಾದರೂ ಕಿವಿಗೆ ಬೀಳುವಂಥ ಮಾತುಕತೆ ಇದು. ಐವತ್ತು ದಾಟಿದ ಹೆಂಗಸು, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಡಿಸಿಟ್ಟ ಚೀಟಿಗಳು.

“ವಾಕಿಂಗ್ ಮಾಡ್ತಿದ್ದೀರೇನಮ್ಮ?”

“ಮಾಡ್ತಾ ಇವ್ನಿ ಸಾರ್.”

“ಸ್ವೀಟು?”

“ಮುಟ್ಟೋದೇ ಇಲ್ಲ.”

“ಮತ್ತೆ 10.2 ಯಾಕಿದೆ? ಹಿಂಗೇ ಆದ್ರೆ ಇನ್ಸುಲಿನ್ ಹಾಕ್ಬೇಕಾಗುತ್ತೆ ನೋಡಿ.”

ಆಕೆ ಸುಮ್ಮನಾಗುತ್ತಾಳೆ. ಒಂದು ಮಾತ್ರೆ ಹೆಚ್ಚಾಗುತ್ತದೆ. ಮುಂದಿನ ಟೋಕನ್.

ಅದೇ ಹೆಂಗಸನ್ನು ಆಪ್ತಸಮಾಲೋಚಕಿಯೊಬ್ಬರ ಎದುರು ಕೂರಿಸೋಣ. ಅವರು ಚೀಟಿ ತೆಗೆಸುವುದಿಲ್ಲ.

“ಈ ಕಾಯ್ಲೇಲಿ ನಿಮಗೆ ಎಲ್ಲಕ್ಕಿಂತ ಕಷ್ಟ ಅನ್ಸೋದು ಯಾವ್ದಮ್ಮ?”

“ರಾತ್ರಿ ಊಟ ಮೇಡಂ. ಎಲ್ಲಾರ್ದೂ ಆಗೋ ಹೊತ್ಗೆ ಹತ್ತು ಗಂಟೆ ಆಯ್ತದೆ. ಅನ್ನ ಮಿಕ್ಕಿರ್ತದೆ. ಚೆಲ್ಲಕ್ಕಾಯ್ತದಾ? ಉಂಡ್ಬುಟ್ಟು ಮನೀಕತೀನಿ.”

“ಅನ್ನ ಚೆಲ್ಲಕ್ಕೆ ಮನಸ್ಸು ಬರಲ್ಲ. ಹಂಗಂತ ಅಷ್ಟು ಹೊತ್ನಲ್ಲಿ ಅಷ್ಟು ಅನ್ನ ಒಳ್ಳೇದಲ್ಲ ಅಂತಾನೂ ನಿಮಗೆ ಗೊತ್ತು.”

“ಗೊತ್ತು ಕಣ್ ಮೇಡಂ.”

“ಏನ್ ಮಾಡಬಹುದು ಅಂತೀರಿ?”

“ಅರ್ಧ ಪಾವು ಅಕ್ಕಿ ಕಮ್ಮಿ ಹಾಕ್ಬೋದು. ಸಾಲ್ದೆ ಬಂದ್ರೆ ಬೈತಾರೆ…” ಸ್ವಲ್ಪ ಹೊತ್ತು ಬಿಟ್ಟು, “ಮಿಕ್ಕುದ್ರೂ ಮುಚ್ಚಿಟ್ಟು ಬೆಳಗ್ಗೆ ಚಿತ್ರಾನ್ನ ಕಲಸ್ತೀನಿ. ಹುಡುಗ್ರು ತಿಂತವೆ.”

“ಇದು ಆಯ್ತದೆ ಅಂತ ನಿಮಗೆ ರೂಪಾಯಿಗೆ ಎಷ್ಟಾಣೆ ಧೈರ್ಯ?”

“ಹನ್ನೆರಡಾಣೆ.”

“ನಾಲ್ಕಾಣೆ ಅಂತ ಯಾಕೆ ಹೇಳ್ಲಿಲ್ಲ?”

ಆಕೆ ನಗುತ್ತಾಳೆ. ಮಗಳ ಬಾಣಂತನಕ್ಕೆ ಒಮ್ಮೆ ತಿಂಗಳುಗಟ್ಟಲೆ ಎಂಟು ಗಂಟೆಗೇ ಊಟ ಮುಗಿಸುತ್ತಿದ್ದದ್ದು, ಆಗ ಮೈ ಹಗುರವಾಗಿದ್ದದ್ದು ಒಂದೊಂದಾಗಿ ಹೊರಗೆ ಬರುತ್ತದೆ. ತನ್ನಿಂದ ಇದು ಯಾಕೆ ಆಗುತ್ತದೆ ಎನ್ನುವುದಕ್ಕೆ ಕಾರಣಗಳನ್ನು ಆಕೆಯೇ ಕೊಡುತ್ತಿದ್ದಾಳೆ.

ಈ ಕೊನೆಯ ಪ್ರಶ್ನೆ ಚಮತ್ಕಾರಕ್ಕಾಗಿ ಕೇಳಿದ್ದಲ್ಲ. ಕುಡಿತದ ಚಟ ಬಿಡಿಸುವ ಕೆಲಸದಲ್ಲಿದ್ದ ವಿಲಿಯಂ ಮಿಲ್ಲರ್ 1983ರಲ್ಲಿ ಒಂದು ಸಂಭಾಷಣಾ ಪದ್ಧತಿಯ ಬಗ್ಗೆ ಬರೆದರು. ಸ್ಟೀಫನ್ ರೋಲ್ನಿಕ್ ಜೊತೆ ಸೇರಿ 1991ರಲ್ಲಿ ಅದನ್ನು ಪುಸ್ತಕವಾಗಿಸಿದರು. ಅದರ ತಿರುಳು ಇಷ್ಟೆ: ಬದಲಾಗಬೇಕೋ ಬೇಡವೋ ಎಂಬ ಎರಡೂ ಮಾತು ಪ್ರತಿಯೊಬ್ಬರೊಳಗೂ ಇರುತ್ತವೆ. ಡಾಕ್ಟರು ‘ಬೇಕು’ ಎಂಬ ಪಕ್ಷ ಹಿಡಿದು ವಾದಿಸಿದರೆ ರೋಗಿಗೆ ಉಳಿಯುವುದು ‘ಬೇಡ’ ಎಂಬ ಪಕ್ಷ. ವಾದಿಸುತ್ತಾ ವಾದಿಸುತ್ತಾ ಅವನು ಅದನ್ನೇ ಗಟ್ಟಿಯಾಗಿ ನಂಬುತ್ತಾನೆ. ತನ್ನ ಬಾಯಿಂದಲೇ ‘ಬೇಕು’ ಬಂದರೆ ಅದನ್ನೂ ಅಷ್ಟೇ ಗಟ್ಟಿಯಾಗಿ ನಂಬುತ್ತಾನೆ. ನಮ್ಮ ಹೊರರೋಗಿ ವಿಭಾಗಗಳ ನೂಕುನುಗ್ಗಲಿನಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಮೇಲಿನ ಎರಡನೆಯ ಮಾತುಕತೆಗೆ ಹಿಡಿಯುವುದು ಮೂರು ನಾಲ್ಕು ನಿಮಿಷ, ಮತ್ತು ಅದನ್ನು ಡಾಕ್ಟರೇ ಆಡಬೇಕಾಗಿಯೂ ಇಲ್ಲ.

ಬೇರೆಯವರು ಆಡಿದರೂ ನಡೆಯುತ್ತದೆ ಎನ್ನುವುದಕ್ಕೆ ಬೆಂಗಳೂರನ್ನೂ ಒಳಗೊಂಡ ಪುರಾವೆಯಿದೆ. ಮಧುಮೇಹವೂ ಖಿನ್ನತೆಯೂ ಒಟ್ಟಿಗೆ ಇದ್ದ 404 ಜನರ ಮೇಲೆ ಬೆಂಗಳೂರು, ಚೆನ್ನೈ, ದೆಹಲಿ, ವಿಶಾಖಪಟ್ಟಣಗಳ ನಾಲ್ಕು ಚಿಕಿತ್ಸಾಲಯಗಳಲ್ಲಿ ನಡೆದ ‘ಇಂಡಿಪೆಂಡೆಂಟ್’ ಅಧ್ಯಯನದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಅಲ್ಲಿ ಡಾಕ್ಟರಲ್ಲದ ಆರೈಕೆ ಸಂಯೋಜಕರು ರೋಗಿಗಳ ಜೊತೆ ಸತತವಾಗಿ ಸಂಪರ್ಕದಲ್ಲಿದ್ದು, ಅವರ ಗುರಿಗಳನ್ನು ಅವರೊಂದಿಗೇ ಗೊತ್ತುಮಾಡಿ, ಪರಿಣತರ ಸಲಹೆಯನ್ನು ಡಾಕ್ಟರಿಗೆ ಮುಟ್ಟಿಸುತ್ತಿದ್ದರು. ಒಂದು ವರ್ಷ ಈ ಆರೈಕೆ ಸಿಕ್ಕವರು, ಎರಡು ವರ್ಷದ ಕೊನೆಗೆ ನೋಡಿದಾಗಲೂ, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಮನಸ್ಸಿನಲ್ಲೂ ಮೈಯಲ್ಲೂ ಮುಂದಿದ್ದರು. ಇದಕ್ಕೂ ಮೊದಲು, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ ಇನ್ನೂ ಅಗ್ಗದ ಉಪಾಯವೊಂದನ್ನು ಪರೀಕ್ಷಿಸಿತ್ತು. ಮಧುಮೇಹದ ಹೊಸ್ತಿಲಲ್ಲಿದ್ದ 537 ದುಡಿಯುವ ಗಂಡಸರಲ್ಲಿ ಅರ್ಧದಷ್ಟು ಜನರ ಮೊಬೈಲಿಗೆ ಊಟ, ನಡಿಗೆಯ ಬಗ್ಗೆ ವಾರದಲ್ಲಿ ಹಲವು ಸಲ ಎಸ್ಸೆಮ್ಮೆಸ್ ಹೋಗುತ್ತಿತ್ತು. ಎಲ್ಲರಿಗೂ ಒಂದೇ ಸಂದೇಶವಲ್ಲ. ಬದಲಾವಣೆಗೆ ಅವರವರು ಎಷ್ಟು ಸಿದ್ಧರಿದ್ದಾರೆ ಎಂದು ನೋಡಿ ಕಳಿಸುತ್ತಿದ್ದದ್ದು. ಎರಡು ವರ್ಷದಲ್ಲಿ ಸಂದೇಶ ಬಂದವರಲ್ಲಿ ಶೇ 18 ಜನರಿಗೆ ಮಧುಮೇಹ ಬಂದರೆ, ಬಾರದವರಲ್ಲಿ ಶೇ 27 ಜನರಿಗೆ ಬಂತು. ನಮ್ಮ ಫೋನಿಗೆ ದಿನವೂ ಬಂದು ಬೀಳುವ ‘ಶುಭೋದಯ’ಗಳನ್ನು ನೆನೆದರೆ ಇದು ಎಷ್ಟೋ ಮೇಲು.

ಇನ್ನು ಗ್ಲೂಕೋಮೀಟರ್. ಈ ಯಂತ್ರ ಮನೆಗೆ ಬಂದದ್ದರ ಹಿಂದೆ ಒಬ್ಬ ಹಟಮಾರಿ ರೋಗಿಯ ಕಥೆಯಿದೆ. ನ್ಯೂಯಾರ್ಕಿನ ರಿಚರ್ಡ್ ಬರ್ನ್‌ಸ್ಟೈನ್‌ಗೆ 1946ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ ಟೈಪ್ 1 ಮಧುಮೇಹ ಬಂತು. ಎಂಜಿನಿಯರ್ ಆದರು. ಹೇಳಿದಂತೆ ಕೇಳುತ್ತಿದ್ದರೂ ಮೈ ಹಾಳಾಗುತ್ತಲೇ ಹೋಯಿತು. ಪ್ರಜ್ಞೆ ತಪ್ಪಿ ಬಂದವರು ಕುಡಿದಿದ್ದಾರೋ ಶುಗರಿನಿಂದ ಬಿದ್ದಿದ್ದಾರೋ ಎಂದು ತಿಳಿಯಲು ಆಸ್ಪತ್ರೆಗಳಿಗೆಂದು ತಯಾರಾದ ರಕ್ತದ ಗ್ಲೂಕೋಸ್ ಮಾಪಕದ ಜಾಹೀರಾತು 1969ರಲ್ಲಿ ಅವರ ಕಣ್ಣಿಗೆ ಬಿತ್ತು. ತೂಕ ಸುಮಾರು ಒಂದೂವರೆ ಕಿಲೋ, ಬೆಲೆ 650 ಡಾಲರ್, ಮಾರುವುದು ಡಾಕ್ಟರುಗಳಿಗೆ ಮಾತ್ರ. ಹೆಂಡತಿ ಡಾಕ್ಟರಾಗಿದ್ದರು; ಅವರ ಹೆಸರಿನಲ್ಲಿ ತರಿಸಿದರು. ದಿನಕ್ಕೆ ಹಲವು ಸಲ ತಮ್ಮ ರಕ್ತ ತಾವೇ ನೋಡಿಕೊಂಡು, ಯಾವ ಊಟಕ್ಕೆ ಎಷ್ಟು ಏರುತ್ತದೆ, ಎಷ್ಟು ಇನ್ಸುಲಿನ್‌ಗೆ ಎಷ್ಟು ಇಳಿಯುತ್ತದೆ ಎಂದು ಬರೆದಿಟ್ಟು, ಹಿಡಿತಕ್ಕೆ ತಂದುಕೊಂಡರು. ರೋಗಿಗಳೇ ತಮ್ಮ ಶುಗರ್ ನೋಡಿಕೊಳ್ಳುವುದೇ ಎಂದು ವೈದ್ಯಪತ್ರಿಕೆಗಳು ಅವರ ಬರಹವನ್ನು ವಾಪಸ್ ಕಳಿಸಿದವು. ಡಾಕ್ಟರಾದರೆ ಮಾತು ಕೇಳಿಯಾರೆಂದು ನಲವತ್ತೈದರ ವಯಸ್ಸಿನಲ್ಲಿ ಮೆಡಿಕಲ್ ಕಾಲೇಜು ಸೇರಿದರು! 2025ರಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತು ವಯಸ್ಸು. ಅವರು ಸಾರಿದ ತೀರಾ ಕಟ್ಟುನಿಟ್ಟಿನ ಆಹಾರಕ್ರಮದ ಬಗ್ಗೆ ತಕರಾರುಗಳಿವೆ, ಅದು ಬೇರೆ ವಿಚಾರ. ನಮಗೆ ಬೇಕಾದದ್ದು ಅವರು ಆ ಸಂಖ್ಯೆಗಳನ್ನು ಬಳಸಿಕೊಂಡ ರೀತಿ.

ನಮ್ಮಲ್ಲಿ ಮೀಟರ್ ಇರುವ ಬಹಳಷ್ಟು ಮನೆಗಳಲ್ಲಿ ಬೆಳಿಗ್ಗೆ ಚುಚ್ಚಿ ನೋಡುತ್ತಾರೆ, 160 ಬಂದರೆ ಮುಖ ಬಾಡುತ್ತದೆ, ಡೈರಿಯಲ್ಲಿ ಬರೆಯುತ್ತಾರೆ, ಮುಗಿಯಿತು. ಬರೀ ಹೀಗೆ ನೋಡಿಕೊಳ್ಳುವುದರಿಂದ ಇನ್ಸುಲಿನ್ ತೆಗೆದುಕೊಳ್ಳದ ಟೈಪ್ 2 ರೋಗಿಗಳಿಗೆ ಹೆಚ್ಚಿನ ಲಾಭವಿಲ್ಲ ಎಂದು ಅಧ್ಯಯನಗಳೂ ಹೇಳಿವೆ. ಸ್ಟ್ರಿಪ್ ಖರ್ಚು, ಬೆರಳು ನೋವು, ಬೇಜಾರು. ಅದರ ಬದಲು ಒಂದು ಪ್ರಶ್ನೆ ಇಟ್ಟುಕೊಂಡು ಚುಚ್ಚಿಕೊಳ್ಳಬೇಕು. ‘ಮುದ್ದೆ ಉಂಡರೆ ಶುಗರ್ ಏರಲ್ಲ’ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ರಾಗಿಯಲ್ಲಿ ನಾರೂ ಸುಣ್ಣದ ಅಂಶವೂ ಚೆನ್ನಾಗಿವೆ, ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆ ಪಿಷ್ಟದ ರಾಶಿಯೇ. ನಂಬಬೇಡಿ, ನೋಡಿ: ಒಂದು ದಿನ ಎಂದಿನಂತೆ ಎರಡು ಮುದ್ದೆ, ಊಟಕ್ಕೆ ಮುಂಚೆ ಒಮ್ಮೆ, ಎರಡು ಗಂಟೆ ಬಿಟ್ಟು ಒಮ್ಮೆ ಪರೀಕ್ಷೆ. ಇನ್ನೊಂದು ದಿನ ಮೊದಲು ಒಂದು ತಟ್ಟೆ ಹುರುಳಿಕಾಯಿ ಪಲ್ಯವೋ ಮೊಳಕೆ ಕಾಳಿನ ಕೋಸಂಬರಿಯೋ ತಿಂದು, ಆಮೇಲೆ ಒಂದೇ ಮುದ್ದೆ, ಬಸ್ಸಾರು; ಊಟವಾದ ಮೇಲೆ ಹದಿನೈದು ನಿಮಿಷ ಬೀದಿಯಲ್ಲಿ ಓಡಾಟ. ಎರಡು ದಿನದ ವ್ಯತ್ಯಾಸ ತನ್ನದೇ ರಕ್ತದಲ್ಲಿ ಕಂಡಾಗ ಆಗುವ ಪರಿಣಾಮ ಯಾವ ಡಯಟ್ ಚಾರ್ಟಿನಿಂದಲೂ ಆಗುವುದಿಲ್ಲ. ಬೆಲ್ಲದ ವಿಚಾರವೂ ಹಾಗೆಯೇ ಇತ್ಯರ್ಥವಾಗುತ್ತದೆ. (ಇನ್ಸುಲಿನ್ ಅಥವಾ ಶುಗರ್ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ಡಾಕ್ಟರಿಗೆ ಹೇಳಬೇಕು. 70ಕ್ಕಿಂತ ಕೆಳಗಿಳಿದು ಕೈ ನಡುಗಿ ಬೆವೆತರೆ ಪ್ರಯೋಗವೆಲ್ಲ ಪಕ್ಕಕ್ಕೆ. ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ತಕ್ಷಣ ಕುಡಿಯಬೇಕು.)

ಮನೆಯವರ ಪಾತ್ರ ಸೂಕ್ಷ್ಮವಾದದ್ದು. ಮದುವೆ ಊಟದ ಪಂಕ್ತಿಯಲ್ಲಿ ಕೂತವರಿಗೆ ಬಲಗಡೆಯಿಂದ ‘ಇವತ್ತೊಂದಿನ ಏನೂ ಆಗಲ್ಲ, ಹಾಕಿಸ್ಕೊಳಿ’, ಎಡಗಡೆಯಿಂದ ‘ನಿಮಗೆ ಶುಗರ್ ಅಲ್ವಾ?’. ಹೋಳಿಗೆ ಎಲೆಗೆ ಬೀಳುವ ಮೊದಲೇ ಮನಸ್ಸು ಕಹಿಯಾಗಿರುತ್ತದೆ. ಡಬ್ಬಿ ಬಚ್ಚಿಡುವ ಹೆಂಡತಿ, ತಟ್ಟೆ ಎಣಿಸುವ ಮಗ ಪ್ರೀತಿಯಿಂದಲೇ ಪೊಲೀಸರಾಗಿರುತ್ತಾರೆ. ಫಲವಾಗಿ ಅಪ್ಪ ಬೇಕರಿಯಲ್ಲಿ ನಿಂತು ಕದ್ದು ತಿನ್ನುತ್ತಾರೆ. ‘ನಾನು ಏನು ಮಾಡಿದರೆ ನಿಮಗೆ ಅನುಕೂಲ?’ ಎಂದು ಒಮ್ಮೆ ಕೇಳಿ ನೋಡಬಹುದು. ಎಷ್ಟೋ ಜನರ ಉತ್ತರ ತೀರಾ ಸಣ್ಣದಿರುತ್ತದೆ: ಸಂಜೆ ಜೊತೆಗೆ ನಡೆಯಲು ಬಾ, ಮನೆಗೆಲ್ಲ ಒಂದೇ ಅಡುಗೆ ಮಾಡು, ನೆಂಟರ ಎದುರು ನನ್ನ ಶುಗರ್ ಎಷ್ಟೆಂದು ಹೇಳಬೇಡ. ಕಾಲಿನ ಸ್ಪರ್ಶ ಕಡಿಮೆಯಾದವರಿಗೆ ದಿನಕ್ಕೊಮ್ಮೆ ಅಂಗಾಲು ನೋಡಿ ಹೇಳುವವರು ಒಬ್ಬರು ಬೇಕು. ಅದು ಮೊಮ್ಮಗಳಾದರೂ ಆದೀತು.

ಬೇಸರವೂ ಈ ಕಾಯಿಲೆಯ ಒಂದು ಭಾಗ. ಹಬ್ಬವಿಲ್ಲ, ರಜೆಯಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ವರ್ಷಗಟ್ಟಲೆ ನೆಟ್ಟಗೆ ನಡೆಸಿಕೊಂಡು ಬಂದವರೂ ಒಂದು ದಿನ ‘ಸಾಕಾಗಿಹೋಯ್ತು’ ಎಂದು ಕೈಚೆಲ್ಲುತ್ತಾರೆ. ಪೊಲೊನ್‌ಸ್ಕಿ ಮತ್ತು ಸಂಗಡಿಗರು 1995ರಲ್ಲಿ ಈ ಬಳಲಿಕೆಯನ್ನು ಅಳೆಯಲೆಂದೇ ಒಂದು ಪ್ರಶ್ನಾವಳಿ ರೂಪಿಸಿದರು. ಮಧುಮೇಹ ಇಲ್ಲದವರಿಗಿಂತ ಇರುವವರಲ್ಲಿ ಖಿನ್ನತೆ ಸುಮಾರು ಎರಡು ಪಟ್ಟು ಹೆಚ್ಚು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡಿದೆ. ಅಂಥವರಿಗೆ ಬೇಕಾದದ್ದು ಇನ್ನೊಂದು ಉಪದೇಶವಲ್ಲ. ಕೆಲವು ವಾರ ಕೆಲಸ ಹಗುರ ಮಾಡಿಕೊಡುವುದು, ಅಂದರೆ ಮಾತ್ರೆಯೊಂದನ್ನು ತಪ್ಪಿಸಬೇಡಿ, ಉಳಿದದ್ದು ಆಮೇಲೆ ನೋಡೋಣ ಎನ್ನುವುದು. ನಿದ್ದೆ ಹಸಿವುಗಳೇ ಕೆಟ್ಟಿದ್ದರೆ ಮನೋವೈದ್ಯರ ಬಳಿಗೆ ಕಳಿಸುವುದು.

ಇಷ್ಟೆಲ್ಲ ಮನಸ್ಸಿನ ಮಾತಾಡುವಾಗ ಮನಸ್ಸಿಗೆ ಸಂಬಂಧವೇ ಇಲ್ಲದ ಅಡ್ಡಿಗಳನ್ನು ಮರೆಯಬಾರದು. ಮೂವತ್ತು ದಿನದ ಮಾತ್ರೆಗಾಗಿ ತಿಂಗಳಿಗೊಂದು ದಿನದ ಕೂಲಿ ಕಳೆದುಕೊಳ್ಳುವವರಿಗೆ ಉತ್ಸಾಹದ ಪಾಠ ಹೇಳುವುದು ಅನ್ಯಾಯ. ರಾಜ್ಯ ಸರ್ಕಾರ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುವ ಕೆಲಸಕ್ಕೆ ಕೈಹಾಕಿರುವುದು ಸರಿಯಾದ ದಿಕ್ಕು. ಪತ್ತೆಯಾದವರ ಕೈಗೆ ತಿಂಗಳು ತಿಂಗಳೂ ಮಾತ್ರೆ ತಲುಪಿದರೆ ಅರ್ಧ ಉತ್ಸಾಹ ತಾನಾಗಿಯೇ ಬರುತ್ತದೆ. ಇನ್ನು ಮೆಟ್‌ಫಾರ್ಮಿನ್ ನುಂಗಿದರೆ ಹೊಟ್ಟೆ ಕೆಡುತ್ತದೆಂದು ಗುಟ್ಟಾಗಿ ಬಿಟ್ಟವರು ಎಷ್ಟೋ ಜನ. ಊಟದ ಜೊತೆ ತೆಗೆದುಕೊಂಡರೆ, ಕಡಿಮೆ ಪ್ರಮಾಣದಿಂದ ಶುರು ಮಾಡಿದರೆ ಅಥವಾ ನಿಧಾನವಾಗಿ ಕರಗುವ ಮಾತ್ರೆಗೆ ಬದಲಿಸಿಕೊಂಡರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಆದರೆ ಬಿಟ್ಟಿದ್ದೇನೆಂದು ಡಾಕ್ಟರಿಗೆ ಹೇಳಿದರೆ ತಾನೆ?

ಹೇಳದಿದ್ದರೆ ಆಗುವುದು ಬರೀ ಶುಗರ್ ಏರಿಕೆಯಲ್ಲ. ‘ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ ತಾನೆ?’ ಎಂದು ಕೇಳಿದರೆ ಯಾರಾದರೂ ‘ಹೂಂ’ ಎಂದೇ ಅನ್ನುತ್ತಾರೆ. ಆ ‘ಹೂಂ’ ನಂಬಿ ಡಾಕ್ಟರು ಎರಡನೆಯ ಮಾತ್ರೆ, ಮೂರನೆಯ ಮಾತ್ರೆ ಸೇರಿಸುತ್ತಾ ಹೋಗುತ್ತಾರೆ. ಯಾವುದೋ ಜ್ವರಕ್ಕೆಂದು ಆಸ್ಪತ್ರೆಗೆ ಸೇರಿದಾಗ ನರ್ಸು ಚೀಟಿಯಲ್ಲಿ ಇರುವುದನ್ನೆಲ್ಲ ಹೊತ್ತಿಗೆ ಸರಿಯಾಗಿ ಕೊಡುತ್ತಾರೆ. ಅರ್ಧ ಮಾತ್ರೆಯನ್ನೇ ನುಂಗುತ್ತಿದ್ದ ಮೈಗೆ, ಊಟವೂ ಸರಿಯಾಗಿ ಸೇರದ ದಿನ, ಅಷ್ಟೂ ಔಷಧಿ ಒಟ್ಟಿಗೆ ಬಿದ್ದು ಶುಗರ್ ಅಪಾಯದ ಮಟ್ಟಕ್ಕೆ ಕುಸಿಯಬಹುದು. ‘ಎಲ್ಲರಿಗೂ ಆಗಾಗ ತಪ್ಪುತ್ತೆ. ಹೋದ ವಾರ ನಿಮಗೆ ಎಷ್ಟು ದಿನ ತಪ್ಪಿತು?’ ಎಂದು ಕೇಳಿದರೆ ನಾಲ್ಕು ದಿನ ಎಂಬ ಉತ್ತರ ಸಿಗುತ್ತದೆ, ಮತ್ತು ಆ ದಿನ ಚೀಟಿಯಲ್ಲಿ ಹೊಸ ಮಾತ್ರೆ ಬರೆಯುವ ಅಗತ್ಯವೇ ಬೀಳುವುದಿಲ್ಲ.